ಬಿದಿರಿನಂಥ ಗಿಡ ಕಂಡರೆ ಮೊದಲು ಗೆಣ್ಣು ನೋಡಿ: ಹೆಸರು ಗೊತ್ತಿಲ್ಲದ ಅಲಂಕಾರಿಕ ಗಿಡ ಗುರುತಿಸುವ ಸಮಗ್ರ ಮಾರ್ಗದರ್ಶಿ

ಬೀದರಿನಲ್ಲಿ ಸಂಬಂಧಿಕರ ಮದುವೆ. ಎರಡನೇ ಪಂಕ್ತಿ ಕೂರಲು ಇನ್ನೂ ಅರ್ಧ ಗಂಟೆ ಇತ್ತು. ಕಲ್ಯಾಣ ಮಂಟಪದ ಬಾಗಿಲ ಪಕ್ಕ ಉದ್ದನೆಯ ಸಿಮೆಂಟ್ ತೊಟ್ಟಿ. ಅದರಲ್ಲಿ ಗಿಡ ಅನ್ನಬೇಕೋ ಕಡ್ಡಿಗಳ ಕಟ್ಟು ಅನ್ನಬೇಕೋ ತಿಳಿಯದಂಥದ್ದೊಂದು ನಿಂತಿತ್ತು. ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳು, ಸೊಂಟದೆತ್ತರ, ನೆಟ್ಟಗೆ. ಗೇಣಿಗೆ ಎರಡು ಮೂರು ಗೆಣ್ಣು.

"ಇದೇನ್ರಿ ಮಾಮಾ?" ಅಂತ ಕೇಳಿದೆ.

"ಬಂಬೂ ಅದ ತಗೋ. ಬೀದರ್‌ದಾಗ ಬಂಬೂ ಇರಲಾರದೆ ಮತ್ತೇನಿರ್ತದ?"

ಬಿದಿರಿನಿಂದಲೇ ಬೀದರ್ ಎಂಬ ಹೆಸರು ಬಂತು ಅಂತ ಒಂದು ಮಾತಿದೆ. ಅದನ್ನೇ ಹಿಡಿದು ಮಾಮ ವಾದ ಮುಗಿಸಿದರು. ನಾನು ಹತ್ತು ಹೆಜ್ಜೆ ದೂರದಿಂದ ಒಂದು ಫೋಟೊ ಹೊಡೆದುಕೊಂಡೆ. ಅದರಲ್ಲೂ ಅರ್ಧ ಜಾಗ ಚಿಕ್ಕಮ್ಮನ ಮಕ್ಕಳದ್ದು. ಅಷ್ಟರಲ್ಲಿ ಊಟಕ್ಕೆ ಕರೆದರು, ಹೋದೆ.

ಕಲಬುರಗಿಗೆ ಬಂದು ಆ ಫೋಟೊ ಒಂದು ನರ್ಸರಿಯಲ್ಲಿ ತೋರಿಸಿದೆ. ಒಮ್ಮೆ ಕಣ್ಣಾಡಿಸಿ "ಲಕ್ಕಿ ಬ್ಯಾಂಬೂ" ಅಂದರು. ಫೋಟೊದಲ್ಲಿ ಎಲೆಯೇ ಇಲ್ಲವಲ್ಲ ಅಂದರೆ, "ಅವು ಕಟ್ ಮಾಡಿದ್ದು ಇರ್ತಾವ್ರಿ." ಬಿಸಿಲು ತಡೆಯುತ್ತದಾ ಅಂದರೆ, "ಬಂಬೂಗೆ ಬಿಸಲು ಏನ್ ಮಾಡ್ತದ್ರಿ!" 600 ರೂಪಾಯಿ ಕೊಟ್ಟು ಒಂದು ಡಜನ್ ಕಡ್ಡಿ ತಂದು ಗೇಟಿನ ಪಕ್ಕ ನೆಲದಲ್ಲಿ ನೆಟ್ಟೆ. ಅದು ಮಾರ್ಚ್. ಏಪ್ರಿಲ್ ಮುಗಿಯುವಷ್ಟರಲ್ಲಿ ಎಲೆಗಳು ಸುಟ್ಟ ಹಪ್ಪಳದಂತೆ ಮುಟ್ಟಿದರೆ ಪುಡಿಯಾಗುತ್ತಿದ್ದವು.

ಅರ್ಧ ತಪ್ಪು ಅವರದ್ದು, ಅರ್ಧ ನನ್ನದು. ಗಿಡದ ಮುಂದೆ ಅರ್ಧ ಗಂಟೆ ಸುಮ್ನೆ ನಿಂತಿದ್ದವನು ಅದರ ಗೆಣ್ಣನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಬಿದಿರಿನಂತೆ ಕಾಣುವ ಗಿಡಗಳೆಲ್ಲ ದೂರದಿಂದ ಒಂದೇ ಥರ. ಅವು ಬೇರೆ ಬೇರೆ ಅಂತ ಗೊತ್ತಾಗುವುದು ಗೆಣ್ಣಿನ ಹತ್ತಿರ.

ಶುರು ಮಾಡುವ ಮೊದಲು: ಒಂದು ಜೋಳದ ದಂಟು

ನಮ್ಮ ಭಾಗದವರಿಗೆ ಈ ವಿದ್ಯೆ ಅರ್ಧ ಗೊತ್ತಿರುವಂಥದ್ದೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬಿಳಿಜೋಳದ ಸಾಲಿನಲ್ಲಿ ಓಡಾಡಿದ್ದೀರಿ ಅಲ್ವಾ? ಮುಂದಿನ ಸಲ ಸಜ್ಜೆ ರೊಟ್ಟಿ, ಭಜ್ಜಿ ಉಂಡ ಮೇಲೆ ಐದು ನಿಮಿಷ ಒಂದು ದಂಟಿನ ಮುಂದೆ ಕೂತುಕೊಳ್ಳಿ.

ಎಲೆ ಎಲ್ಲಿಂದ ಹುಟ್ಟುತ್ತದೆ? ಗೆಣ್ಣಿನಿಂದ. ಆದರೆ ಮಾವಿನೆಲೆಯಂತೆ ತೊಟ್ಟು ಚಾಚಿ ನೇರವಾಗಿ ಹೊರಗೆ ಹೋಗುವುದಿಲ್ಲ. ಮೊದಲು ದಂಟಿಗೆ ಅಂಗಿ ತೊಡಿಸಿದಂತೆ ಸುತ್ತಿಕೊಂಡು ಮೇಲೆ ಏರುತ್ತದೆ. ಆಮೇಲೆ ಹೊರಕ್ಕೆ ಬಾಗಿ ಗರಿಯಾಗುತ್ತದೆ. ಸುತ್ತಿಕೊಂಡ ಆ ಭಾಗವನ್ನು ನಾನು ಅಂಗಿ ಅಂತಲೇ ಕರೆಯುತ್ತೇನೆ. ಕಬ್ಬಿನಲ್ಲಿ ಇದೇ ಒಣಗಿ ರವದಿಯಾಗುತ್ತದೆ. ಅಂಗಿ ಮುಗಿದು ಗರಿ ಶುರುವಾಗುವ ಕಡೆ, ಒಳಮಗ್ಗುಲಲ್ಲಿ, ಉಗುರಿನಂಚಿನಷ್ಟು ತೆಳ್ಳಗಿನ ಒಂದು ಪೊರೆ ಇರುತ್ತದೆ. ಅದು ಅಂಗಿಯ ಕಾಲರ್. ಎಲೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ಹೀಗೆ ಎರಡೇ ಸಾಲು. ನರಗಳು ಉದ್ದುದ್ದ, ಒಂದಕ್ಕೊಂದು ಸಮವಾಗಿ.

ಅಂಗಿ, ಕಾಲರ್, ಎರಡು ಸಾಲು: ಇದು ಹುಲ್ಲಿನ ಕುಟುಂಬದ ಮುದ್ರೆ. ಜೋಳ, ಸಜ್ಜೆ, ಗೋಧಿ, ಕಬ್ಬು ಎಲ್ಲ ಈ ಕುಟುಂಬದವು. ಬಿದಿರೂ ಇಲ್ಲಿಯದೇ. ಬಿದಿರು ಮರವಲ್ಲ, ಗಟ್ಟಿಯಾದ ಹುಲ್ಲು. 1927ರ ಭಾರತೀಯ ಅರಣ್ಯ ಕಾಯ್ದೆ ಮಾತ್ರ ಅದನ್ನು ಮರ ಅಂತ ಬರೆದಿಟ್ಟಿತ್ತು. 2017ರಲ್ಲಿ ತಿದ್ದುಪಡಿಯಾಗಿ ಆ ಸಾಲಿನಿಂದ ಬಿದಿರನ್ನು ತೆಗೆದರು. ಕಾಯ್ದೆಗೇ ತೊಂಬತ್ತು ವರ್ಷ ಬೇಕಾಯಿತು ಅಂದಮೇಲೆ ಮಾಮನನ್ನು ಏನನ್ನೋಣ.

ಜೋಳಕ್ಕೂ ಬಿದಿರಿಗೂ ಮೂರು ಫರಕು ನೆನಪಿಡಿ. ಜೋಳದ ದಂಟಿನೊಳಗೆ ಬೆಂಡು ತುಂಬಿರುತ್ತದೆ, ಬಿದಿರು ಸಾಮಾನ್ಯವಾಗಿ ಟೊಳ್ಳು. ಬಿದಿರಿನ ಗೆಣ್ಣುಗಳಿಂದ ಕವಲು ಒಡೆಯುತ್ತದೆ. ಮೂರನೆಯದು ಬಹಳ ಜನ ಗಮನಿಸದ್ದು: ಬಿದಿರಿನ ಎಲೆಯಲ್ಲಿ ಅಂಗಿಗೂ ಗರಿಗೂ ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ತೊಟ್ಟು ಇರುತ್ತದೆ. ಗರಿ ಅಲ್ಲಿ ಸಟ್ಟನೆ ಕಿರಿದಾಗುತ್ತದೆ. ಜೋಳದಲ್ಲಿ, ಕಬ್ಬಿನಲ್ಲಿ ಆ ತೊಟ್ಟು ಇಲ್ಲ. ಅಗಲವಾದ ಗರಿ ಹಾಗೇ ಅಂಗಿಗೆ ಇಳಿಯುತ್ತದೆ.

ಹೆಜ್ಜೆ 1: ಗಿಡದ ಮುಂದೆ ಇರುವಾಗಲೇ ಫೋಟೊ

ಪ್ರವಾಸದಲ್ಲಿ ಕಂಡ ಗಿಡ ಮತ್ತೆ ಸಿಗುವುದಿಲ್ಲ. ಬಸ್ ಹಾರ್ನ್ ಹೊಡೆಯುತ್ತಿರುತ್ತದೆ, ಮನೆಯವರು ಕರೆಯುತ್ತಿರುತ್ತಾರೆ. ಅದಕ್ಕೆ ಯಾವ ಫೋಟೊ ಮೊದಲು ಅಂತ ಗೊತ್ತಿರಬೇಕು. ಒಂದೇ ಫೋಟೊಗೆ ಸಮಯ ಇದ್ದರೆ ಒಂದು ಗೆಣ್ಣಿನದ್ದು, ಒಂದು ಗೇಣು ದೂರದಿಂದ. ಎರಡಕ್ಕೆ ಸಮಯ ಇದ್ದರೆ ಎರಡನೆಯದು ಎಲೆ ಕಡ್ಡಿಗೆ ಸೇರುವ ಜಾಗ.

ಐದು ನಿಮಿಷ ಇದ್ದರೆ ಇನ್ನೂ ಕೆಲವು. ಬುಡ ಮಣ್ಣಿನಿಂದ ಹೇಗೆ ಬಂದಿದೆ, ಒಂದೇ ಕಡೆ ಗುಂಪಾಗಿದೆಯಾ, ಅಲ್ಲಲ್ಲಿ ದೂರ ದೂರ ಎದ್ದಿದೆಯಾ ಅನ್ನುವುದು ಕಾಣಬೇಕು. ಹೊಸ ಮೊಳಕೆ ಇದ್ದರೆ ಅದೂ ಬೇಕು. ಎಲೆಯ ಮೇಲ್ಭಾಗ, ಕೆಳಭಾಗ ಎರಡೂ ತೆಗೆಯಿರಿ. ತುದಿಯಲ್ಲಿ ಹೂವು, ಕಾಯಿ, ಏನೇ ಇದ್ದರೂ ಬಿಡಬೇಡಿ. ಕೊನೆಗೆ ಇಡೀ ಗಿಡ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ. ಚಿಕ್ಕಮ್ಮನ ಮಕ್ಕಳು ಉಪಯೋಗಕ್ಕೆ ಬರುವುದು ಇಲ್ಲಿ.

ಅಳತೆಗೆ ಹತ್ತು ರೂಪಾಯಿ ನಾಣ್ಯ ಹಿಡಿಯಿರಿ. ಅದರ ಅಗಲ 27 ಮಿಲಿಮೀಟರ್. ಗೆಣ್ಣಿನ ಪಕ್ಕ ನಾಣ್ಯ ಇದ್ದರೆ ಮನೆಯಲ್ಲಿ ಕೂತು ಕಡ್ಡಿಯ ದಪ್ಪ ಲೆಕ್ಕ ಹಾಕಬಹುದು. ಮಧ್ಯಾಹ್ನದ ಬಿಸಿಲಲ್ಲಿ ಹಸಿರು ಬಿಳಿಚಿಕೊಂಡು ಬರುತ್ತದೆ, ಅದಕ್ಕೆ ನಿಮ್ಮ ನೆರಳು ಗಿಡದ ಮೇಲೆ ಬೀಳುವಂತೆ ನಿಂತು ತೆಗೆಯಿರಿ. ಗೆಣ್ಣಿನ ಹಿಂದೆ ಅಂಗೈ ಇಟ್ಟರೆ ಮೊಬೈಲ್ ಹಿಂದಿನ ಗೋಡೆಯ ಮೇಲೆ ಫೋಕಸ್ ಮಾಡುವುದಿಲ್ಲ.

ಜೊತೆಗೆ ಎರಡು ಸಾಲು ಬರೆದುಕೊಳ್ಳಿ: ಊರು, ತಿಂಗಳು, ನೆಲದಲ್ಲೋ ಕುಂಡದಲ್ಲೋ, ಬಿಸಿಲೋ ನೆರಳೋ, ಬುಡದಲ್ಲಿ ನೀರು ನಿಂತಿದೆಯಾ. ಈ ಕೊನೆಯ ಪ್ರಶ್ನೆಯೇ ನನ್ನ ಬೀದರಿನ ಗಿಡದ ಗುಟ್ಟು ಬಿಟ್ಟುಕೊಡಬಹುದಿತ್ತು.

ಕೊಂಬೆ ಮುರಿಯಬೇಡಿ. ಬೀದರ್ ಕೋಟೆಯಂಥ ಸಂರಕ್ಷಿತ ಸ್ಮಾರಕದ ಆವರಣದಲ್ಲಿ, ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಅದು ಬರೀ ಕೆಟ್ಟ ಅಭ್ಯಾಸವಲ್ಲ, ಅಪರಾಧ. ಹೋಟೆಲ್ ಅಥವಾ ಮನೆಯಂಗಳವಾದರೆ ಕೇಳಿ, ನೆಲಕ್ಕೆ ಬಿದ್ದ ಎಲೆಯನ್ನೋ ಒಣಗಿದ ಅಂಗಿಯನ್ನೋ ತೆಗೆದುಕೊಂಡು ಹಳೇ ಪೇಪರಿನ ಮಡಿಕೆಯಲ್ಲಿ ಇಟ್ಟುಕೊಳ್ಳಿ. ಬಿದಿರಿಗೆ ಬಿದ್ದ ಅಂಗಿಯೇ ಬಹಳ ಒಳ್ಳೆಯ ಸಾಕ್ಷಿ, ಮುಂದೆ ಹೇಳುತ್ತೇನೆ. ಹೊರದೇಶದಿಂದ ಬರುವಾಗ ಬ್ಯಾಗಿನಲ್ಲಿ ತುಂಡು ಹಾಕಿಕೊಂಡು ಬರುವ ಯೋಚನೆ ಬಿಡಿ. ಗಿಡ, ಬೀಜ ತರುವುದಕ್ಕೆ ಅನುಮತಿ ಪತ್ರ ಬೇಕು.

ಹೆಜ್ಜೆ 2: ಮುಟ್ಟಿ ನೋಡುವುದು, ಹುಷಾರಾಗಿ

ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ. ಗುಂಡಗಿದೆಯಾ, ಮೂರು ಮೂಲೆ ಬೆರಳಿಗೆ ತಾಗುತ್ತದಾ, ಉದ್ದಕ್ಕೂ ಗೀರು ಗೀರು ಇದೆಯಾ? ಉಗುರಿನಿಂದ ತಟ್ಟಿ. ಟೊಳ್ಳಾದರೆ ಸದ್ದೇ ಹೇಳುತ್ತದೆ.

ಎರಡು ಎಚ್ಚರಿಕೆ. ಬಿದಿರಿನ ಹೊಸ ಮೊಳಕೆಯ ಅಂಗಿಯ ಮೇಲೆ ಕಂದು ಬಣ್ಣದ ಸಣ್ಣ ಮುಳ್ಳುಗೂದಲು ಇರಬಹುದು. ಮುಟ್ಟಿದರೆ ಸಂಜೆಯವರೆಗೆ ಕೈ ತುರಿಕೆ. ಇನ್ನು ಅಗಲ ಎಲೆ, ಬಿಳಿ ಮಚ್ಚೆ, ದಪ್ಪ ಹಸಿರು ಕಾಂಡದಲ್ಲಿ ಉಂಗುರ ಉಂಗುರ ಇದ್ದರೆ ಅದು ಡಿಫೆನ್‌ಬಾಕಿಯಾ ಇರಬಹುದು. ಅದರ ರಸ ಬಾಯಿಗೆ ತಾಗಿದರೆ ನಾಲಿಗೆ ಊದಿಕೊಳ್ಳುತ್ತದೆ. ಕಬ್ಬಿನ ಥರ ಇದೆ ಅಂತ ಯಾವ ಗಿಡವನ್ನೂ ಕಚ್ಚಿ ನೋಡಬೇಡಿ. ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

ಹೆಜ್ಜೆ 3: ಗೆಣ್ಣಿಗೆ ಕೇಳುವ ಪ್ರಶ್ನೆಗಳು

ನಿಧಾನ ಮಾಡಬೇಕಾದ ಜಾಗ ಇದು. ಉಳಿದದ್ದೆಲ್ಲ ಬೇಗ ಬೇಗ ಮುಗಿಸಿದರೂ ನಡೆಯುತ್ತದೆ.

ಮೊದಲ ಪ್ರಶ್ನೆ: ಅದು ನಿಜವಾದ ಗೆಣ್ಣಾ, ಇಲ್ಲ ಬರೀ ಗಾಯದ ಗುರುತಾ? ನಿಜವಾದ ಗೆಣ್ಣು ಜೋಳದಂತೆ ಸ್ವಲ್ಪ ಉಬ್ಬಿರುತ್ತದೆ. ಅಲ್ಲಿಂದ ಎಲೆ, ಕವಲು, ಬೇರು ಏನಾದರೂ ಹೊರಡುತ್ತದೆ. ಗಾಯದ ಗುರುತು ಅಂದರೆ ಹಳೆಯ ಎಲೆ ಬಿದ್ದ ಜಾಗದಲ್ಲಿ ಉಳಿದ ಗೆರೆ, ತೆಂಗಿನ ಮರದ ಮೈಮೇಲಿನ ಬಳೆಗಳಂತೆ. ಹೋಟೆಲುಗಳ ಮುಂದೆ ಕುಂಡದಲ್ಲಿ ನಿಲ್ಲಿಸುವ ಅರೆಕಾ ಪಾಮ್‌ಗೆ ಜನ ಮೋಸ ಹೋಗುವುದು ಇಲ್ಲೇ. ಹಳದಿ ಹಸಿರು ಕಾಂಡ, ಬಳೆ ಬಳೆ, ಒಂದೇ ಬುಡದಿಂದ ಹತ್ತಾರು. ಥೇಟ್ ಬಿದಿರು ಮೆಳೆ! ತಲೆಯೆತ್ತಿ ನೋಡಿದರೆ ಸಾಕು, ತೆಂಗಿನ ಗರಿಯ ಮರಿ ಕಾಣುತ್ತದೆ. ನಾವು ಎಲೆ ಅಂದುಕೊಂಡದ್ದು ಒಂದು ದೊಡ್ಡ ಗರಿಯ ಸೀಳುಗಳು. ಇದರ ಮೂಲ ಮಡಗಾಸ್ಕರ್. ಅಂಗಡಿಯಲ್ಲಿ ಬ್ಯಾಂಬೂ ಪಾಮ್ ಅಂತ ಮಾರುವ ಶ್ಯಾಮಿಡೋರಿಯಾ ಕೂಡ ತೆಂಗಿನ ಕುಟುಂಬದ್ದೇ, ಅಮೆರಿಕ ಖಂಡದ್ದು. ಪಾಮ್‌ನ ಬಳೆಗಳಿಂದ ಕವಲು ಒಡೆಯುವುದಿಲ್ಲ. ಅಷ್ಟು ನೋಡಿದರೆ ಅರ್ಧ ಗೊಂದಲ ಮುಗಿಯಿತು.

ನನ್ನ 600 ರೂಪಾಯಿಯ ಲಕ್ಕಿ ಬ್ಯಾಂಬೂ ಕೂಡ ಗಾಯದ ಗುರುತಿನ ಗುಂಪಿಗೆ ಸೇರಿದ್ದು. ಅದರ ಹೆಸರು ಡ್ರಸೀನಾ ಸ್ಯಾಂಡರಿಯಾನಾ. ಆಫ್ರಿಕಾದ ಕ್ಯಾಮರೂನ್ ಕಡೆಯ ಕಾಡಿನಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಗಿಡ. ಕಡ್ಡಿಯನ್ನು ಅಡ್ಡ ಕತ್ತರಿಸಿದರೆ ಒಳಗೆ ಪೂರ್ತಿ ತುಂಬಿಕೊಂಡಿರುತ್ತದೆ, ಟೊಳ್ಳಲ್ಲ. ಮೇಲಿನ ತುದಿ ಕೊಯ್ದು ಮೇಣ ಹಚ್ಚಿರುತ್ತಾರೆ. ಎಲೆ ಕಡ್ಡಿಯನ್ನು ಅಪ್ಪಿಕೊಳ್ಳುತ್ತದೆ, ಆದರೆ ಜೋಳದ ಕಾಲರ್ ಇಲ್ಲ. ನೆರಳಿನ ಗಿಡವನ್ನು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಒಡ್ಡಿದವನು ನಾನು. ಅಂದಹಾಗೆ ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಇದನ್ನು ಎತ್ತರದಲ್ಲಿ ಇಡಿ. ತಿಂದರೆ ಅವುಗಳಿಗೆ ವಿಷ.

ಎರಡನೇ ಪ್ರಶ್ನೆ: ಎಲೆ ಇದೆಯಾ? ಇದೇನು ಪ್ರಶ್ನೆ ಅನ್ನಬೇಡಿ. ಬಿದಿರಿನಂತೆ ಗೆಣ್ಣಿದ್ದು ಎಲೆಯೇ ಕಾಣದ ಗಿಡ ಇದೆ. ಈಕ್ವಿಸೀಟಮ್, ನರ್ಸರಿ ಭಾಷೆಯಲ್ಲಿ ಹಾರ್ಸ್‌ಟೇಲ್. ಪ್ರತಿ ಗೆಣ್ಣಿಗೂ ಬೂದು ಬಣ್ಣದ ಒಂದು ಪಟ್ಟಿ, ಅದರ ಅಂಚಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ. ಹತ್ತಿರದಿಂದ ನೋಡಿದರೆ ಪಟ್ಟಿಯ ಮೇಲಂಚು ಸಣ್ಣ ಸಣ್ಣ ಹಲ್ಲು. ಆ ಹಲ್ಲುಗಳೇ ಅದರ ಎಲೆ! ಕಡ್ಡಿಯ ಮೈತುಂಬ ಉದ್ದುದ್ದ ಗೀರು. ಕೈಗೆ ಉಗುರು ತಿಕ್ಕುವ ಅರದಂತೆ ಒರಟು, ಯಾಕೆಂದರೆ ಚರ್ಮದಲ್ಲಿ ಮರಳಿನ ಅಂಶವಾದ ಸಿಲಿಕಾ ತುಂಬಿದೆ. ಹಿಂದೆ ಯೂರೋಪಿನವರು ಇದರಿಂದ ಪಾತ್ರೆ ತಿಕ್ಕುತ್ತಿದ್ದರು, ಜಪಾನಿನವರು ಮರದ ಸಾಮಾನು ನುಣುಪು ಮಾಡುತ್ತಿದ್ದರು. ಇದು ಹುಲ್ಲೂ ಅಲ್ಲ, ಹೂ ಬಿಡುವ ಗಿಡವೂ ಅಲ್ಲ. ಜರೀಗಿಡಗಳ ಕಡೆಯ ನೆಂಟ. ಬೀಜದ ಬದಲು ಕಡ್ಡಿಯ ತುದಿಯಲ್ಲಿ ಪುಟ್ಟ ಮೊಗ್ಗಿನಂಥ ತೆನೆ ಬಂದು ಪುಡಿ ಉದುರಿಸುತ್ತದೆ. ಇದರ ಹಳೆಯ ಸಂಬಂಧಿಗಳು 30 ಕೋಟಿ ವರ್ಷದ ಹಿಂದೆ ಮರದಷ್ಟು ಎತ್ತರ ಬೆಳೆದು ಆಮೇಲೆ ಕಲ್ಲಿದ್ದಲಾದವು.

ಮೂರನೇ ಪ್ರಶ್ನೆ: ಎಲೆ ಇದ್ದರೆ ಅದಕ್ಕೆ ಜೋಳದ ಅಂಗಿ, ಕಾಲರ್, ಎರಡು ಸಾಲು ಮೂರೂ ಇವೆಯಾ? ಒಂದು ಇಲ್ಲ ಅಂದರೂ ಅದು ಹುಲ್ಲಿನ ಕುಟುಂಬ ಅಲ್ಲ, ಹಾಗಾಗಿ ಬಿದಿರೂ ಅಲ್ಲ. ಎಲೆಗಳು ಕಡ್ಡಿಯ ಸುತ್ತ ಸುರುಳಿ ಮೆಟ್ಟಿಲಿನಂತೆ ಹತ್ತಿದರೆ ಕಾಸ್ಟಸ್, ಶುಂಠಿಯ ಹತ್ತಿರದ್ದು. ಮೂರು ಮೂಲೆಯ ಕಡ್ಡಿ, ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹರಡಿದ ಎಲೆ ಇದ್ದರೆ ಜೇಕಿನ ಜಾತಿ. ಹೋಟೆಲಿನ ಪುಟ್ಟ ಕೊಳಗಳಲ್ಲಿ ಜಾಸ್ತಿ. ಎಲೆಯ ಒಂದು ಪಕ್ಕ ದೊಡ್ಡದು, ಒಂದು ಪಕ್ಕ ಚಿಕ್ಕದು, ಅಡಿಭಾಗ ಕೆಂಪು ಇದ್ದರೆ ಬಿಗೋನಿಯಾ.

ಊಟಿಯಂಥ ತಂಪು ಜಾಗಕ್ಕೋ ಹೊರದೇಶಕ್ಕೋ ಹೋದವರು "ಕೆಂಪು ಎಲೆಯ ಬಿದಿರು" ಕಂಡೆವು ಅಂತ ಫೋಟೊ ತಂದರೆ ಅದು ನಂದಿನಾ ಡೊಮೆಸ್ಟಿಕಾ ಇರುವ ಸಾಧ್ಯತೆ ಜಾಸ್ತಿ. ಚೀನಾ, ಜಪಾನ್ ಕಡೆಯ ಪೊದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ವರ್ಗದ ಬಿದಿರು ಅನ್ನುವ ಅರ್ಥದ ಹೆಸರಿದೆ. ಕಡ್ಡಿ ಮಾತ್ರ ಬಿದಿರಿನಂತೆ. ಎಲೆ ನುಗ್ಗೆ ಎಲೆಯ ಹಾಗೆ ಎರಡು ಮೂರು ಸಲ ಸೀಳಿರುತ್ತದೆ, ಕೆಂಪು ಹಣ್ಣಿನ ಗೊಂಚಲು ಬಿಡುತ್ತದೆ. ಹಣ್ಣು ಸುಂದರ, ಆದರೆ ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಇದನ್ನು ಹೊಟ್ಟೆತುಂಬ ತಿಂದು ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿಗಳು ಗುಂಪಾಗಿ ಸತ್ತಿದ್ದವು.

ನಾಲ್ಕನೇ ಪ್ರಶ್ನೆ, ಅಂಗಿ, ಕಾಲರ್, ಎರಡು ಸಾಲು ಮೂರೂ ಇದ್ದರೆ ಮಾತ್ರ: ಅಕ್ಕಿಕಾಳಿನ ತೊಟ್ಟು ಇದೆಯಾ? ಇಲ್ಲದಿದ್ದರೆ ಅದು ಎತ್ತರದ ಹುಲ್ಲು. ಪಾರ್ಕುಗಳಲ್ಲಿ ಬಿಳಿ ಪಟ್ಟೆಯ ಎಲೆಯ ಅರುಂಡೊ ಡೊನಾಕ್ಸ್ ನೆಡುತ್ತಾರೆ, ಎರಡಾಳು ಎತ್ತರಕ್ಕೂ ಹೋಗುತ್ತದೆ, ತುದಿಗೆ ಕಬ್ಬಿನ ಸೂಲಂಗಿಯಂಥ ಹೂ ಬರುತ್ತದೆ. ನೆಲದೊಳಗೆ ಹರಡುವ ಗಡ್ಡೆ ಇರುವುದರಿಂದ ಮನೆ ಹಿತ್ತಲಿಗೆ ತರುವ ಮುಂಚೆ ಎರಡು ಸಲ ಯೋಚಿಸಿ. ತೊಟ್ಟು ಇದ್ದು ಕಡ್ಡಿಯೂ ಮರದಂತೆ ಗಟ್ಟಿಯಾಗಿದ್ದರೆ ಮಾಮ ಗೆದ್ದರು. ಅದು ಬಿದಿರು.

ಹೆಜ್ಜೆ 4: ಬಿದಿರೇ ಆದರೆ ಯಾವ ಬಿದಿರು

ಅಲಂಕಾರಕ್ಕೆ ನೆಡುವ ಬಿದಿರುಗಳಲ್ಲಿ ಕೆಲವನ್ನು ಬಣ್ಣ, ಆಕಾರದಿಂದಲೇ ಹೇಳಬಹುದು. ಬಂಗಾರದ ಹಳದಿ ಕಾಂಡ, ಅದರ ಮೇಲೆ ಬಣ್ಣದ ಬ್ರಶ್ ಉದ್ದಕ್ಕೆ ಎಳೆದಂತೆ ಹಸಿರು ಗೆರೆ ಇದ್ದರೆ ಬಾಂಬುಸಾ ವಲ್ಗಾರಿಸ್‌ನ ವಿಟ್ಟಾಟಾ ತಳಿ. ಗೆಣ್ಣುಗಳ ನಡುವಿನ ತುಂಡು ಗಿಂಡಿಯ ಹೊಟ್ಟೆಯಂತೆ ಉಬ್ಬಿದ್ದರೆ ಬುದ್ಧನ ಹೊಟ್ಟೆ ಬಿದಿರು ಅಂತ ಮಾರುವಂಥದ್ದು. ಅದರಲ್ಲೂ ಎರಡು ಬಗೆ: ಒಂದು ವಲ್ಗಾರಿಸ್‌ನ ವಾಮಿನ್ ತಳಿ, ಇನ್ನೊಂದು ವೆಂಟ್ರಿಕೋಸಾ. ಎರಡನೆಯದು ಕುಂಡದಲ್ಲಿ, ನೀರು ಕಡಿಮೆ ಬಿದ್ದಾಗ ಚೆನ್ನಾಗಿ ಉಬ್ಬುತ್ತದೆ. ಒಳ್ಳೇ ನೆಲ, ಧಾರಾಳ ನೀರು ಸಿಕ್ಕರೆ ಸಾದಾ ಬಿದಿರಿನಂತೆ ನೆಟ್ಟಗೆ ಹೋಗಿಬಿಡುತ್ತದೆ. ಕಷ್ಟ ಕೊಟ್ಟರೇ ಚೆಂದ ಕಾಣುವ ಗಿಡ, ಏನು ಮಾಡೋಣ.

ಬೆರಳು ದಪ್ಪದ ಕಡ್ಡಿ, ಒತ್ತೊತ್ತಾದ ಸಣ್ಣ ಎಲೆ, ಬೇಲಿಯಂತೆ ಬೆಳೆಸಿದ್ದರೆ ಬಾಂಬುಸಾ ಮಲ್ಟಿಪ್ಲೆಕ್ಸ್ ಹೌದಾ ನೋಡಿ. ಕಾಂಡದ ಮೇಲೆ ಹಳೆಯ ಅಂಗಿ ಉದುರದೆ ಅಂಟಿಕೊಂಡಿದ್ದರೆ ಥಾಯ್ಲೆಂಡ್, ಮ್ಯಾನ್ಮಾರ್ ಕಡೆಯ ತೈರ್ಸೋಸ್ಟಾಕಿಸ್ ಸಯಾಮೆನ್ಸಿಸ್ ಇರಬಹುದು. ಗೆಣ್ಣಿನ ಮೇಲೆ, ಕವಲು ಒಡೆದ ಬದಿಯಲ್ಲಿ, ಬೆರಳು ಜಾರುವಂಥ ಒಂದು ತಗ್ಗು ಗೆರೆ ಇದ್ದು ಪ್ರತಿ ಗೆಣ್ಣಿಗೆ ಎರಡೇ ಕವಲು ಕಂಡರೆ ಫಿಲೋಸ್ಟಾಕಿಸ್. ಇದು ತಂಪು ಸೀಮೆಯದು, ನೆಲದೊಳಗೆ ಓಡುತ್ತಾ ದೂರ ದೂರ ಎದ್ದು ಬರುತ್ತದೆ. ಮುಳ್ಳು ಮುಳ್ಳು ಮೆಳೆ ಆದರೆ ಹೆಬ್ಬಿದಿರು, ಬಾಂಬುಸಾ ಬಾಂಬೋಸ್. ಕಾಂಡ ಟೊಳ್ಳಿಲ್ಲದೆ ಗಟ್ಟಿ, ಲಾಠಿ ಮಾಡುವಂಥದ್ದು ಆದರೆ ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್, ನಮ್ಮಂಥ ಒಣ ಸೀಮೆಗೆ ಒಗ್ಗುವ ಗಂಡು ಬಿದಿರು.

ಇವು ಯಾವುದಕ್ಕೂ ಹೊಂದದಿದ್ದರೆ ಕಾಂಡದ ಅಂಗಿ ಬೇಕು. ಬಿದಿರು ನೆಲದಿಂದ ಏಳುವಾಗಲೇ ಪೂರ್ತಿ ದಪ್ಪ ಇರುತ್ತದೆ, ಆಮೇಲೆ ದಪ್ಪವಾಗುವುದಿಲ್ಲ. ಆ ಮೊಳಕೆಯನ್ನು ಸುತ್ತಿ ಕಾಪಾಡುವ ದೊಡ್ಡ ಹಾಳೆಯೇ ಈ ಅಂಗಿ. ಅದರ ಭುಜದ ಹತ್ತಿರ ಕಿವಿಯಂಥ ತುಣುಕು ಇದೆಯಾ, ಕಿವಿಗೆ ಕೂದಲಿದೆಯಾ, ಬೆನ್ನಿನ ಮೇಲಿನ ರೋಮ ಕಂದೋ ಕಪ್ಪೋ, ತುದಿಯ ಗರಿ ನೆಟ್ಟಗಿದೆಯೋ ಹಿಂದಕ್ಕೆ ಮಡಚಿದೆಯೋ. ಬಿದಿರಿನ ತಜ್ಞರು ಜಾತಿ ಹೇಳಲು ಹೆಚ್ಚಾಗಿ ನೆಚ್ಚಿಕೊಳ್ಳುವುದು ಇದನ್ನೇ, ಯಾಕೆಂದರೆ ಹೂವು ನೋಡೋಣ ಅಂದರೆ ಹೆಬ್ಬಿದಿರು ಹೂ ಬಿಡುವುದು 40-50 ವರ್ಷಕ್ಕೊಮ್ಮೆ. ಬುಡದಲ್ಲಿ ಬಿದ್ದ ಹಾಳೆ ಎತ್ತಿಕೊಳ್ಳಿ ಅಂದಿದ್ದು ಇದಕ್ಕೇ.

ಹೆಜ್ಜೆ 5: ಮಾಲಿ, ಮೇದಾರ, ಮೊಬೈಲ್

ಮಾಲಿಯನ್ನು ಹೆಸರು ಕೇಳಬೇಡಿ. ಕೇಳಿದರೆ ನರ್ಸರಿಯವರು ಹೇಳಿದ್ದನ್ನೇ ಹೇಳುತ್ತಾರೆ. ಬೇರೆ ಕೇಳಿ: ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ, ಬೇಸಿಗೆಯಲ್ಲಿ ಒಣಗ್ತದಾ, ಹೂ ಕಂಡೀರಾ, ಹೊಸ ಗಿಡ ಮಾಡೋದು ತುಂಡಿನಿಂದಲೋ ಬುಡ ಸೀಳಿಯೋ, ಎಲ್ಲಿಂದ ತರಿಸಿದ್ದು. ಆಂಧ್ರದ ರಾಜಮಹೇಂದ್ರವರಂ ಹತ್ತಿರದ ಕಡಿಯಂನಿಂದ ಬಂತು ಅಂದರೆ ಅಲ್ಲಿನ ನರ್ಸರಿಗಳ ಪಟ್ಟಿಯಲ್ಲಿ ಹುಡುಕಬಹುದು.

ಬಿದಿರು ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಮೇದಾರರಿಗಿಂತ ದೊಡ್ಡ ಪಂಡಿತರಿಲ್ಲ. ಬುಟ್ಟಿ, ಮೊರ ಹೆಣೆಯುತ್ತಾ ಕೂತವರಿಗೆ ಗೆಣ್ಣಿನ ಫೋಟೊ ತೋರಿಸಿ. ಬಸವಕಲ್ಯಾಣದ ಶರಣರಲ್ಲಿ ಮೇದಾರ ಕೇತಯ್ಯನೂ ಒಬ್ಬ, ಅಂದರೆ ನಮ್ಮ ಸೀಮೆಯಲ್ಲಿ ಈ ಕಸುಬಿನ ತಿಳಿವಳಿಕೆ 12ನೇ ಶತಮಾನದಿಂದ ನಡೆದು ಬಂದದ್ದು. ಸೂಪರ್ ಮಾರ್ಕೆಟ್ ಕಡೆ ಬುಟ್ಟಿ ಮಾರುತ್ತಿದ್ದ ಅಜ್ಜಿಯೊಬ್ಬರಿಗೆ ನನ್ನ ಲಕ್ಕಿ ಬ್ಯಾಂಬೂ ತುಂಡು ಕೊಟ್ಟೆ. ಉಗುರಲ್ಲಿ ಒತ್ತಿ ನೋಡಿ ವಾಪಸ್ ಕೊಟ್ಟರು. "ಇದು ಸೀಳಂಗಿಲ್ಲಪ್ಪ. ಇದು ತರಕಾರಿ ಅದ."

ಮೊಬೈಲ್ ಆ್ಯಪ್‌ಗಳು ಕೊನೆಗೆ. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಮೂರೂ ಪುಕ್ಕಟೆ. ಇಡೀ ಗಿಡದ ಫೋಟೊ ಕೊಟ್ಟರೆ ಬಹಳ ಸಲ ಸುಮ್ನೆ ಬಿದಿರು ಅಂದುಬಿಡುತ್ತವೆ. ಗೆಣ್ಣು, ಎಲೆ ಬುಡ, ತುದಿ ಬೇರೆ ಬೇರೆಯಾಗಿ ಕೊಡಿ. ಪ್ಲಾಂಟ್‌ನೆಟ್‌ನಲ್ಲಿ ಇದು ಎಲೆ, ಇದು ಹೂ, ಇದು ತೊಗಟೆ ಅಂತ ಆರಿಸಲು ಬರುತ್ತದೆ. ಐನ್ಯಾಚುರಲಿಸ್ಟ್‌ಗೆ ಹಾಕುವಾಗ ಇದು ನೆಟ್ಟು ಬೆಳೆಸಿದ ಗಿಡ ಅಂತ ಗುರುತು ಹಾಕಿ. ಇಲ್ಲದಿದ್ದರೆ ಬೀದರಿನಲ್ಲಿ ಆಫ್ರಿಕಾದ ಗಿಡ ಕಾಡಿನಲ್ಲಿ ಬೆಳೆಯುತ್ತಿದೆ ಅಂತ ನಕ್ಷೆಯಲ್ಲಿ ಚುಕ್ಕೆ ಬೀಳುತ್ತದೆ.

ಹೆಜ್ಜೆ 6: ಸಿಕ್ಕ ಹೆಸರನ್ನು ತಾಳೆ ನೋಡುವುದು

ಹೆಸರು ಸಿಕ್ಕ ಖುಷಿಯಲ್ಲಿ ನಿಲ್ಲಿಸಬೇಡಿ. ಆ ಹೆಸರಿಗೆ ವಿರುದ್ಧ ಸಾಕ್ಷಿ ಹುಡುಕಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್‌ನಲ್ಲಿ ಸಸ್ಯಶಾಸ್ತ್ರದ ಹೆಸರು ಹಾಕಿದರೆ ಅದರ ಮೂಲ ನೆಲೆ ಯಾವುದು ಅಂತ ಬರುತ್ತದೆ. ಆಮೇಲೆ ಒಂದೇ ಪ್ರಶ್ನೆ: ಆ ಸೀಮೆಯ ಗಿಡ ನಾನು ನೋಡಿದ ಜಾಗದಲ್ಲಿ, ಆ ಬಿಸಿಲಲ್ಲಿ ಬದುಕೀತಾ? ಮೇ ತಿಂಗಳ ಯಾದಗಿರಿಯಲ್ಲಿ ನೆತ್ತಿ ಬಿಸಿಲಿಗೆ ನಳನಳಿಸುವ ಗಿಡವನ್ನು ಆ್ಯಪ್ ನಂದಿನಾ ಅಂದರೆ ನಂಬಬೇಡಿ.

ಬ್ಯಾಂಬೂ ಅನ್ನುವ ಪದ ಇರುವ ಮಾರಾಟದ ಹೆಸರಿಗಂತೂ ಬೆಲೆಯೇ ಕೊಡಬೇಡಿ. ಲಕ್ಕಿ ಬ್ಯಾಂಬೂ, ಬ್ಯಾಂಬೂ ಪಾಮ್, ಸ್ವರ್ಗದ ಬಿದಿರು, ಮೂರರಲ್ಲಿ ಒಂದೂ ಬಿದಿರಲ್ಲ. ಇಷ್ಟೆಲ್ಲ ಆದರೂ ಅನುಮಾನ ಉಳಿದರೆ ಒಣಗಿಸಿದ ಎಲೆ, ಅಂಗಿ, ಫೋಟೊ ಹಿಡಿದು ಸಸ್ಯಶಾಸ್ತ್ರ ವಿಭಾಗ ಇರುವ ಕಾಲೇಜಿಗೆ ಹೋಗಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಆ ವಿಭಾಗ ಇದೆ.

ಮತ್ತೆ ಬೀದರ್

ಮಳೆಗಾಲದಲ್ಲಿ ಅದೇ ಮನೆಯವರ ಇನ್ನೊಂದು ಕಾರ್ಯಕ್ರಮ, ಅದೇ ಮಂಟಪ. ಈ ಸಲ ಊಟಕ್ಕಿಂತ ಮೊದಲು ತೊಟ್ಟಿಯ ಹತ್ತಿರ ಕೂತೆ. ಬುಡದಲ್ಲಿ ನೀರು ನಿಂತಿತ್ತು. ಕಡ್ಡಿ ಹೊರಳಿಸಿದೆ, ಗೀರು ಗೀರು. ಹೆಬ್ಬೆರಳು ಉಜ್ಜಿದೆ, ಮರಳು ಕಾಗದ. ನಾಣ್ಯ ಹಿಡಿದು ಗೆಣ್ಣಿನ ಫೋಟೊ ತೆಗೆದೆ. ಬೂದು ಪಟ್ಟಿ, ಕಪ್ಪು ಅಂಚು, ಹಲ್ಲು. ಮೂರು ಕಡ್ಡಿಗಳ ತುದಿಯಲ್ಲಿ ಮೆಣಸಿನ ಕಾಳಿಗಿಂತ ತುಸು ದೊಡ್ಡ ತೆನೆ ಇತ್ತು. ಎರಡನೇ ಪ್ರಶ್ನೆಗೇ ಉತ್ತರ ಸಿಕ್ಕಿತು. ಈಕ್ವಿಸೀಟಮ್ ಹೈಮಾಲೆ, ಅಲಂಕಾರಕ್ಕೆ ಸಾಮಾನ್ಯವಾಗಿ ಬೆಳೆಸುವ ಹಾರ್ಸ್‌ಟೇಲ್. ಮಾಲಿಯನ್ನು ಕೇಳಿದರೆ, "ನೀರ್ ಬಿಟ್ರ ಸಾಯ್ತದ್ರಿ, ಅದಕ್ಕ ತೊಟ್ಟಿಗಿ ತೂತೇ ಹಾಕಿಲ್ಲ" ಅಂದರು. ಬುಡ ಸೀಳಿ ಒಂದು ಹಿಡಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಮಾಮನಿಗೆ ಇದು ಬಿದಿರಲ್ಲ ಅಂತ ಹೇಳಿದೆ. ಕಲ್ಲಿದ್ದಲಿನ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಹಳೇ ಬಂಬೂ ಅನ್ನು" ಅಂದರು.

ಈಗ ಅದು ನಮ್ಮ ಮನೆಯಲ್ಲಿ ತೂತಿಲ್ಲದ ಬಕೆಟ್ಟಿನಲ್ಲಿ, ಪೂರ್ವದ ಗೋಡೆಯ ನೆರಳಲ್ಲಿದೆ. ಲಕ್ಕಿ ಬ್ಯಾಂಬೂಗಳಲ್ಲಿ ಬದುಕುಳಿದ ಎರಡು ಕಡ್ಡಿ ಟಿವಿ ಪಕ್ಕದ ಗಾಜಿನ ಲೋಟದಲ್ಲಿವೆ.